ಮುಕ್ಕಾಲು ಗೋಪುರ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಯವರಿಗೆ, ಬಂಧುಗಳಿಗೆ, ಕೊನೆಗೆ ಕಟ್ಟಿಕೊಂಡ ಹೆಂಡತಿಗೂ ಅವನು ಮುಕ್ಕಾಲು. ಹಿಡಿದ ಕೆಲಸವನ್ನು ಮುಕ್ಕಾಲು ಭಾಗ ಮುಗಿಸಿ ಕೈಬಿಡುವುದು ಅವನ ಜಾಯಮಾನ. ಹಾಲ್‌ನ ಮೂರು ಗೋಡೆಗಳಿಗೆ ಬಣ್ಣ ಹೊಡೆದು ನಾಲ್ಕನೆಯದಕ್ಕೆ ದೊಡ್ಡದೊಂದು ಕ್ಯಾಲೆಂಡರ್ ನೇತುಹಾಕಿದ್ದ. ಈಜು ಕಲಿಯಲು ಹೋದವನು ಕೊಳದ ನಡುವಿನವರೆಗೆ ಹೋಗುವುದನ್ನು ಕಲಿತು ಬಂದಿದ್ದ. ದಡ ಸೇರಿಸುವ ಕೆಲಸವನ್ನು ಬೇರೆಯವರು ನೋಡಿಕೊಳ್ಳಬೇಕಾಗಿತ್ತು.

ಆದರೆ ಕಚೇರಿಯಲ್ಲಿ ಅವನಷ್ಟು ಕಟ್ಟುನಿಟ್ಟಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಬಸ್ ನಿಲ್ದಾಣದಲ್ಲಿ, ಕಳೆದುಹೋದ ವಸ್ತುಗಳ ಕೌಂಟರಿನ ಗುಮಾಸ್ತ ಅವನು. ಬಸ್ಸಿನಲ್ಲಿ ಜನ ಮರೆತು ಹೋದ ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿಗಳೆಲ್ಲ ಅವನ ಹಿಂದಿನ ಕಬ್ಬಿಣದ ಕಪಾಟಿನಲ್ಲಿ ಸಾಲಾಗಿ ಕೂತಿರುತ್ತಿದ್ದವು. ಹುಡುಕಿಕೊಂಡು ಬಂದವರಿಗೆ ಅವನದು ಒಂದೇ ಮಾತು: "ಗುರುತು ಹೇಳಿ." ಒಮ್ಮೆ ಒಬ್ಬ ವೃದ್ಧರು ಹಲ್ಲಿನ ಸೆಟ್ಟು ಕಳೆದುಕೊಂಡು ಬಂದಿದ್ದರು. ಹಲ್ಲಿಲ್ಲದೆ ಅವರು ಹೇಳಿದ ಗುರುತು ಅರ್ಥವಾಗಲಿಲ್ಲ. ಹಲ್ಲು ಕೊಟ್ಟು, ಹಾಕಿಕೊಳ್ಳಲು ಹೇಳಿ, ಗುರುತು ಹೇಳಿಸಿಕೊಂಡು, ಮತ್ತೆ ಬಾಯಿಂದ ತೆಗೆಸಿ, ಸಹಿ ಹಾಕಿಸಿಕೊಂಡು, ಆಮೇಲೆ ನಿಯಮ ಪ್ರಕಾರ ಹಿಂತಿರುಗಿಸಿದ್ದ.

ಇಂಥವನ ನೆಮ್ಮದಿ ಕೆಟ್ಟಿದ್ದು ಅಕ್ಕನ ಒಂದು ಫೋನಿನಿಂದ. ಅಕ್ಕ ಬೇರೆ ಊರಿನಲ್ಲಿದ್ದಳು, ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಫೋನಿನಲ್ಲೂ ಅವಳ ಕೈಯಲ್ಲಿ ಬೆತ್ತ ಇದ್ದಂತೆಯೇ ಕೇಳುತ್ತಿತ್ತು. ಅಮ್ಮನ ಬಚ್ಚಲುಮನೆಯ ಚಿಲಕ ರಿಪೇರಿ ಮುಗಿಯಿತೇ ಎಂದು ವಿಚಾರಿಸಿದಳು. ಮುಕ್ಕಾಲು ಮುಗಿದಿದೆ ಎಂದು ಇವನು ಪ್ರಾಮಾಣಿಕವಾಗಿಯೇ ಹೇಳಿದ.

"ನಿನ್ನ ಕೈಲಿ ಯಾವುದೋ ಪೂರ್ತಿ ಆಗಿದ್ದು?" ಅಂದಳು ಅಕ್ಕ. "ಚಿಕ್ಕವನಿದ್ದಾಗ ಆ ಇಟ್ಟಿಗೆ ಗೋಪುರ ಕೂಡ ಮುಗಿಸಲಿಲ್ಲ. ಆ ಹೆಸರು ಬಂದಿದ್ದೇ ಅವತ್ತು."

ಬೇರೆ ದಿನವಾಗಿದ್ದರೆ ಮುಕ್ಕಾಲು ಹೂಂ ಅಂದು ಸುಮ್ಮನಾಗುತ್ತಿದ್ದ. ಅವತ್ತು ಯಾವ ಗ್ರಹ ಬಡಿದಿತ್ತೋ, "ಅದು ಯಾವತ್ತೋ ಮುಗೀತಲ್ಲ ಅಕ್ಕಾ. ಹಾಲ್‌ನಲ್ಲೇ ಇಟ್ಟಿದ್ದೀನಿ," ಅಂದುಬಿಟ್ಟ.

ಆ ಕಡೆ ಅಕ್ಕನ ದನಿ ಎಂದೂ ಇಲ್ಲದಷ್ಟು ಮೆತ್ತಗಾಯಿತು. "ಹೌದಾ? ಮೇಲಿನ ಗಡಿಯಾರ ಸಮೇತ?"

"ಗಡಿಯಾರ ಸಮೇತ."

"ಹಾಗಾದ್ರೆ ಭಾನುವಾರ ಬರ್ತೀನಿ ಕಣೋ. ಅದನ್ನ ನೋಡ್ಲೇಬೇಕು ನಾನು."

ಈ ಗೋಪುರದ ಪೂರ್ವಾಪರ ಹೇಳದಿದ್ದರೆ ಮುಕ್ಕಾಲುವಿನ ಕಷ್ಟ ಯಾರಿಗೂ ತಿಳಿಯಲಾರದು. ಅವನು ಚಿಕ್ಕವನಾಗಿದ್ದಾಗ ಅಪ್ಪ ಒಂದು ಪೆಟ್ಟಿಗೆ ಆಟದ ಇಟ್ಟಿಗೆ ತಂದುಕೊಟ್ಟಿದ್ದರು. ಕೆಂಪು, ಬಿಳಿ ಪ್ಲಾಸ್ಟಿಕ್ಕಿನ ಗಟ್ಟಿ ಇಟ್ಟಿಗೆಗಳು. ಒಂದರ ಮೇಲೊಂದು ಕಟಕ್ ಎಂದು ಕೂರುತ್ತಿದ್ದವು. ಪೆಟ್ಟಿಗೆಯ ಮುಚ್ಚಳದ ಮೇಲೆ ನೆತ್ತಿಯಲ್ಲಿ ಗಡಿಯಾರವಿದ್ದ ಎತ್ತರದ ಗೋಪುರದ ಚಿತ್ರ. ಅಕ್ಕ ಎಲ್ಲಿ ತನ್ನದೂ ಪಾಲಿದೆ ಅನ್ನುತ್ತಾಳೋ ಎಂದು ಇವನು ಅವತ್ತೇ ಕೂತು ಒಂದೊಂದು ಇಟ್ಟಿಗೆಯನ್ನೂ ಮುಂದಿನ ಹಲ್ಲಿನಿಂದ ಕಚ್ಚಿ ಗುರುತು ಮಾಡಿದ. ಎಂಜಲು ಮುಟ್ಟುವವಳಲ್ಲ ಅವಳು. ಆದರೂ ಗೋಪುರ ಒಂದು ಮಟ್ಟ ದಾಟಿ ಮೇಲೇಳಲಿಲ್ಲ. ಇವತ್ತು ಇದ್ದ ಇಟ್ಟಿಗೆ ನಾಳೆ ಇರುತ್ತಿರಲಿಲ್ಲ. ಅಕ್ಕನೇ ಕದಿಯುತ್ತಿದ್ದಾಳೆಂದು ತೀರ್ಮಾನಿಸಿ ಇಡೀ ಬೇಸಿಗೆ ರಜೆ ಅವಳೊಡನೆ ಮಾತು ಬಿಟ್ಟಿದ್ದ. ಅವಳು ಅದನ್ನು ಗಮನಿಸಲೇ ಇಲ್ಲ ಎನ್ನುವುದು ಬೇರೆ ಮಾತು.

ಅಟ್ಟದಿಂದ ಪೆಟ್ಟಿಗೆ ಇಳಿಸಿ, ದೂಳು ಒರೆಸಿ, ಹಾಲ್‌ನ ನಡುವೆ ಕೂತು ಮುಕ್ಕಾಲು ಮತ್ತೆ ಕಟ್ಟತೊಡಗಿದ. ಅಡಿಪಾಯ ಬಂತು, ಕಮಾನು ಬಂತು, ಕಿಟಕಿಗಳು ಬಂದವು. ಬೆರಳಿಗೆ ಹಳೆಯ ಅಭ್ಯಾಸ ಮರೆತಿರಲಿಲ್ಲ. ಸುಖವೆನಿಸಿತು. ಗೋಪುರ ಏರುತ್ತ ಏರುತ್ತ ಹೋಗಿ, ಹಿಂದೆ ಎಲ್ಲಿ ನಿಂತಿತ್ತೋ ಅಲ್ಲಿಗೇ ಬಂದು ನಿಂತಿತು. ಪೆಟ್ಟಿಗೆ ಖಾಲಿ.

ಅಮ್ಮ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಮಿಕ್ಕ ಇಟ್ಟಿಗೆ ಏನಾಯಿತೆಂದು ಅವಳನ್ನು ಕೇಳಿದ. ಆಡುವ ಸಾಮಾನು, ಆಡ್ತಾ ಆಡ್ತಾ ಎಲ್ಲೋ ಹೋಗಿರುತ್ತೆ ಅಂದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಆ ಉತ್ತರ ಕೊಟ್ಟು, ಒಂದು ಬಟಾಣಿ ಕಾಯಿಯನ್ನು ಅದರಲ್ಲಿ ಏನೋ ಬರೆದಿರುವ ಹಾಗೆ ನೋಡತೊಡಗಿದಳು. ಹೆಂಡತಿ ಅಡುಗೆಮನೆಯಿಂದ ಇಣುಕಿ, ಅಕ್ಕನಿಗೆ ನಿಜ ಹೇಳಿಬಿಡಿ ಎಂದು ಸಲಹೆ ಕೊಟ್ಟಳು. ಮುಕ್ಕಾಲು ಒಪ್ಪಲಿಲ್ಲ. ತಲೆಯಲ್ಲಿ ಅರ್ಧ ಕೂದಲು ನರೆತಿದೆ. ಈ ಒಂದು ಕೆಲಸವಾದರೂ ಪೂರ್ತಿಯಾಗದಿದ್ದರೆ ತಾನು ಸಾಯುವವರೆಗೂ ಮುಕ್ಕಾಲೇ ಎಂಬುದು ಅವನಿಗೆ ಖಾತ್ರಿಯಾಗಿತ್ತು.

ಅಕ್ಕ ಬರುತ್ತಾಳೆಂದು ಕೂದಲು ಕತ್ತರಿಸಿಕೊಳ್ಳಲು ಬೀದಿಯ ತುದಿಯ ಕಟಿಂಗ್ ಶಾಪಿಗೆ ಹೋದ. ಶಾಪಿನ ಯಜಮಾನರಿಗೆ ಕೈ ನಡುಗುವಷ್ಟು ವಯಸ್ಸಾಗಿತ್ತು. ಕತ್ತರಿ ಹಿಡಿದರೆ ಮಾತ್ರ ನಡುಕ ನಿಲ್ಲುತ್ತಿತ್ತು. ಗಿರಾಕಿಗಳು ಕಾಯುವ ಮರದ ಬೆಂಚಿನ ಮೇಲೆ ಕೂತವನ ಕೈಯಿಂದ ಬಾಚಣಿಗೆ ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದ. ಬೆಂಚಿನ ಒಂದು ಕಾಲಿನ ಅಡಿಯಲ್ಲಿ ಕೆಂಪಗೆ ಏನೋ ಕಂಡಿತು. ಇನ್ನಷ್ಟು ಬಗ್ಗಿದ. ಇಟ್ಟಿಗೆ. ಅಂಚಿನಲ್ಲಿ ಹಲ್ಲಿನ ಗುರುತು. ಮುಕ್ಕಾಲು ನಾಲ್ಕು ಕಾಲಿನ ಮೇಲೆ ನಿಂತು ಬೆಂಚಿನ ಕೆಳಗೆ ತಲೆ ತೂರಿಸಿದ.

"ಏನ್ ಹುಡುಕ್ತಿದ್ದೀರಿ ಮುಕ್ಕಾಲು ಸಾರ್?" ಎಂದು ಯಜಮಾನರು ಕೇಳಿದರು.

ಇಲ್ಲಿ ಅವನು ನಿಜ ಹೇಳಬಹುದಿತ್ತು. ಆದರೆ ಕನ್ನಡಿಯಲ್ಲಿ ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡ ಒಬ್ಬ ಗಿರಾಕಿ ಕಣ್ಣರಳಿಸಿ ನೋಡುತ್ತಿದ್ದ. ಈ ವಯಸ್ಸಿನಲ್ಲಿ ಆಟದ ಸಾಮಾನು ಹುಡುಕುತ್ತಿದ್ದೇನೆ ಅನ್ನುವುದು ಹೇಗೆ? "ಗೆದ್ದಲು ಹತ್ತಿದೆಯೇನೋ ಅಂತ ನೋಡ್ತಿದ್ದೆ," ಅಂದ. ಈ ಪ್ಲಾಸ್ಟಿಕ್ ತುಂಡು ಪರೀಕ್ಷೆಗೆ ಬೇಕು ಎಂದೂ ಸೇರಿಸಿ ಅದನ್ನು ಜೇಬಿಗಿಳಿಸಿ ಹೊರಟೇಬಿಟ್ಟ. ಕೂದಲು ಹಾಗೇ ಉಳಿಯಿತು. ಅವನ ಬೆನ್ನ ಹಿಂದೆ ಬೆಂಚು ಒಂದು ಕಡೆಗೆ ವಾಲಿ, ಕಾಯುತ್ತಿದ್ದ ಇಬ್ಬರು ಒಬ್ಬರ ಮೇಲೊಬ್ಬರು ಜಾರಿದರು.

ದಾರಿಯಲ್ಲಿ ಅವನಿಗೆ ಜ್ಞಾನೋದಯವಾಯಿತು. ಒಂದು ಇಲ್ಲಿದ್ದರೆ ಮಿಕ್ಕವೂ ಇಲ್ಲೇ ಎಲ್ಲೋ ಇರಬೇಕು. ಟೈಲರಮ್ಮನ ಅಂಗಡಿಯ ಮುಂದೆ ನಿಂತು ಇಣುಕಿ ನೋಡಿದ. ಹೊಲಿಗೆ ಮೆಷಿನ್ನಿನ ಹಿಂಗಾಲಿನ ಅಡಿಯಲ್ಲಿ ಬಿಳಿ ಇಟ್ಟಿಗೆಯೊಂದು ತಣ್ಣಗೆ ಕೂತಿತ್ತು. ಅವನು ಬಾಯಿ ತೆರೆಯುವ ಮೊದಲೇ, ನಮ್ಮಲ್ಲೂ ಗೆದ್ದಲು ಬಂದಿದೆಯಾ ನೋಡಪ್ಪ ಎಂದು ಟೈಲರಮ್ಮ ಎದ್ದು ಜಾಗ ಬಿಟ್ಟರು. ನಮ್ಮ ಬೀದಿಯಲ್ಲಿ ಸುದ್ದಿಗೆ ಕಾಲಿಲ್ಲ, ರೆಕ್ಕೆ ಇದೆ. ಇಟ್ಟಿಗೆ ತೆಗೆದ ಮೇಲೆ ಮೆಷಿನ್ನು ಹೊಲಿಯುತ್ತ ಹೊಲಿಯುತ್ತ ಬಾಗಿಲ ಕಡೆಗೆ ನಡೆಯತೊಡಗಿತು. ಅವತ್ತು ಹೊಲಿದ ಶಾಲೆಯ ಅಂಗಿಗಳ ಕಾಲರು ಒಂದು ಕಿವಿಯನ್ನು ಮಾತ್ರ ಮುಟ್ಟುತ್ತಿತ್ತಂತೆ.

ಮೂರನೆಯದು ಲೆಕ್ಕದ ಮೇಷ್ಟ್ರ ಮನೆಯ ಓದುವ ಮೇಜಿನ ಅಡಿಯಲ್ಲಿ ಸಿಕ್ಕಿತು. ಮೇಷ್ಟ್ರು ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ತರ್ಕ ಮಾತ್ರ ನಿವೃತ್ತವಾಗಿರಲಿಲ್ಲ.

"ಏನಯ್ಯಾ, ಗೆದ್ದಲು ತಿನ್ನೋದು ಮರ. ನೀನು ಪ್ಲಾಸ್ಟಿಕ್ ಯಾಕೆ ಒಯ್ತೀಯಾ?"

ಒಂದು ಸುಳ್ಳು ಮುಚ್ಚಲು ಇನ್ನೊಂದು ಸುಳ್ಳು ಬೇಕು. ಎರಡನೆಯದು ಮೊದಲನೆಯದಕ್ಕಿಂತ ಯಾವಾಗಲೂ ದಪ್ಪ. "ಅದೇ ಸಾರ್ ಗಾಬರಿ," ಅಂದ ಮುಕ್ಕಾಲು. "ಇದು ಹೊಸ ಜಾತಿ. ಪ್ಲಾಸ್ಟಿಕ್ ತಿನ್ನುತ್ತೆ."

ಓದಿದವರು ನಂಬಿದರೆ ಓದದವರಿಗಿಂತ ಗಟ್ಟಿಯಾಗಿ ನಂಬುತ್ತಾರೆ. ಮೇಷ್ಟ್ರು ಕನ್ನಡಕ ಏರಿಸಿ ಇಟ್ಟಿಗೆಯ ಮೇಲಿನ ಗುರುತು ನೋಡಿದರು. ಮೇಜು ಅಲ್ಲಾಡಿ ಶಾಯಿಯ ಬಾಟಲಿ ಬಿದ್ದದ್ದನ್ನೂ ಲೆಕ್ಕಿಸದೆ ನಗರಸಭೆಗೆ ಫೋನು ಹಚ್ಚಿದರು.

ಮರುದಿನ ಬಸ್ ನಿಲ್ದಾಣದಲ್ಲೂ ಅದೇ ಮಾತು. ನಿಲ್ದಾಣದ ವ್ಯವಸ್ಥಾಪಕರು ಮುಕ್ಕಾಲುವನ್ನು ಕೋಣೆಗೆ ಕರೆಸಿ, ಬಸ್ಸುಗಳ ಸೀಟೆಲ್ಲ ಪ್ಲಾಸ್ಟಿಕ್ಕಿನವು, ನಿಮಗೆ ಈ ವಿಷಯದಲ್ಲಿ ಅನುಭವ ಇದೆಯಂತೆ, ಸ್ವಲ್ಪ ನೋಡಿ ಎಂದು ಕೇಳಿಕೊಂಡರು. ಅವನ ಸೇವೆಯಲ್ಲೇ ಮೊದಲ ಬಾರಿಗೆ ಕುಳಿತುಕೊಳ್ಳಿ ಅಂದಿದ್ದರು. ಆ ಮರ್ಯಾದೆಗೆ ಸೋತು ಅವನು ಮಧ್ಯಾಹ್ನವೆಲ್ಲ ಬಸ್ಸುಗಳ ಸೀಟಿನ ಕೆಳಗೆ ತೆವಳಿದ. ಗೆದ್ದಲು ಸಿಗಲಿಲ್ಲ. ಎರಡು ಛತ್ರಿ, ಒಂದು ಊಟದ ಡಬ್ಬಿ ಸಿಕ್ಕವು. ಎತ್ತಿ ತಂದು ತನ್ನದೇ ಕಪಾಟಿನಲ್ಲಿಟ್ಟ.

ಭಾನುವಾರ ಬೆಳಿಗ್ಗೆ ಅವನು ಬಾಗಿಲು ತೆರೆದಾಗ ಬೀದಿಯೇ ಮನೆಯಾಗಿತ್ತು. ನಗರಸಭೆಯ ಅಪ್ಪಣೆಯಂತೆ ಎಲ್ಲರೂ ಮಂಚ, ಬೀರು, ಮೇಜು, ಫ್ರಿಜ್ಜು ಹೊರಗೆ ತಂದಿಟ್ಟಿದ್ದರು. ಟೈಲರಮ್ಮ ರಸ್ತೆಯ ನಡುವೆ ಮೆಷಿನ್ನಿನ ಕಾವಲು ಕೂತಿದ್ದರು. ಮೇಷ್ಟ್ರು ತಮ್ಮ ಮಂಚದ ಮೇಲೆ ಮಲಗಿ ಪತ್ರಿಕೆ ಓದುತ್ತಿದ್ದರು. ಅಮ್ಮನನ್ನೂ ಕುರ್ಚಿ ಸಮೇತ ಹೊರಗೆ ತಂದು ಕೂರಿಸಬೇಕಾಯಿತು. ಕೀಟ ನಿಯಂತ್ರಣದ ಅಧಿಕಾರಿ ಖಾಕಿ ಟೋಪಿ, ಭೂತಗನ್ನಡಿ, ಔಷಧಿಯ ಡಬ್ಬ ಹೊತ್ತ ನಾಲ್ವರು ಆಳುಗಳ ಸಮೇತ ಬಂದಿದ್ದರು. ಅದೇ ಹೊತ್ತಿಗೆ ಬಾಡಿಗೆ ಕಾರಿನಿಂದ ಅಕ್ಕನೂ ಇಳಿದಳು.

ಅಧಿಕಾರಿ ಮನೆಮನೆ ಹೊಕ್ಕು ಬಂದರು. ಬೀರು ಎತ್ತಿದಲ್ಲಿ ಒಂದು ಇಟ್ಟಿಗೆ, ಮಂಚ ಎತ್ತಿದಲ್ಲಿ ಒಂದು, ನೀರಿನ ಡ್ರಮ್ಮಿನ ಅಡಿಯಲ್ಲಿ ಜೋಡಿ. ಎಲ್ಲವನ್ನೂ ಒಂದು ಮೇಜಿನ ಮೇಲೆ ಸಾಲಾಗಿಟ್ಟು, ಭೂತಗನ್ನಡಿ ಹಿಡಿದು, ಬಹಳ ಹೊತ್ತು ನೋಡಿದರು. ಬೀದಿಯೆಲ್ಲ ಮೇಜಿನ ಸುತ್ತ ಸೇರಿತು.

"ಇದು ಗೆದ್ದಲಲ್ಲ," ಅಂದರು ಕೊನೆಗೆ. "ಹಲ್ಲು. ಮುಂದಿನ ಎರಡು ಹಲ್ಲಿನ ನಡುವೆ ಸಂದಿದೆ. ಇಲಿ. ಆದ್ರೆ ಇಷ್ಟು ದೊಡ್ಡ ಬಾಯಿಯ ಇಲೀನ ನನ್ನ ಸರ್ವಿಸ್‌ನಲ್ಲೇ ನೋಡಿಲ್ಲ." ಮೈ ಎಷ್ಟಿರಬಹುದೆಂದು ಯಾರೋ ಕೇಳಿದರು. ಅಧಿಕಾರಿ ಕೈ ಅಗಲಿಸಿ ತೋರಿಸಿದರು. ಅದು ಹೆಚ್ಚುಕಡಿಮೆ ಒಂದು ಕರುವಿನ ಗಾತ್ರ. ಬೀದಿಯಲ್ಲಿದ್ದ ಮಂಚಗಳ ಮೇಲೆ ಜನ ಒಟ್ಟಿಗೇ ಹತ್ತಿದರು.

ಇಡೀ ಬೀದಿ ಖಾಲಿ ಮಾಡಬೇಕು, ಎಲ್ಲ ಮನೆಗೂ ವಿಷದ ಹೊಗೆ ಹಾಕಿ ಬೀಗ ಜಡಿಯಬೇಕು, ವಾರವಿಡೀ ಯಾರೂ ಒಳಗೆ ಕಾಲಿಡುವ ಹಾಗಿಲ್ಲ ಎಂದು ಅಪ್ಪಣೆಯಾಯಿತು. ನಾಳೆ ಶಾಲೆಯವರಿಗೆ ಬಟ್ಟೆ ಕೊಡಬೇಕು, ಮಾತು ಕೊಟ್ಟಿದ್ದೀನಿ ಎಂದು ಟೈಲರಮ್ಮ ಸೆರಗು ಕಣ್ಣಿಗೊತ್ತಿಕೊಂಡರು. ಕಟಿಂಗ್ ಶಾಪಿನ ಯಜಮಾನರ ಕೈಯಲ್ಲಿ ಕತ್ತರಿ ಇರಲಿಲ್ಲ, ಕೈ ನಡುಗುತ್ತಿತ್ತು. ಅಮ್ಮ ಕುರ್ಚಿಯಲ್ಲಿ ಕೂತು, ತನ್ನನ್ನು ಯಾರು ಎಲ್ಲಿಗೆ ಎತ್ತಿಕೊಂಡು ಹೋಗುತ್ತಾರೆ ಎನ್ನುವ ಹಾಗೆ ಸುತ್ತ ನೋಡಿದಳು.

ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆ ಮುಕ್ಕಾಲುವಿಗೂ ಗೊತ್ತಿತ್ತು. ತಾನೇ ಆ ಇಲಿಯಾಗುವ ಕಾಲ ಬರುತ್ತದೆಂದು ಗೊತ್ತಿರಲಿಲ್ಲ. ಅಕ್ಕನ ಕಡೆ ನೋಡಿದ. ಅವಳ ಮುಂದೆ ಹೇಳುವುದೆಂದರೆ ಈ ಜನ್ಮಕ್ಕೆ ಮುಕ್ಕಾಲು ಎಂಬ ಹೆಸರಿಗೆ ಮುದ್ರೆ ಬಿದ್ದ ಹಾಗೆ. ಅಮ್ಮನ ಕಡೆ ನೋಡಿದ. ಆಮೇಲೆ ಮುಂದೆ ಬಂದು, ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಹೇಳಿದ:

"ಆ ಹಲ್ಲು ನಂದು."

ಯಾರಿಗೂ ಅರ್ಥವಾಗಲಿಲ್ಲ. ಮೊದಲಿನಿಂದ ಹೇಳಬೇಕಾಯಿತು. ಗೋಪುರ, ಫೋನು, ಬಾಚಣಿಗೆ, ಗೆದ್ದಲು, ಹೊಸ ಜಾತಿ, ಎಲ್ಲ ಹೇಳಿದ. ಇಷ್ಟು ಉದ್ದದ ಮಾತನ್ನು ಅವನು ಪೂರ್ತಿಯಾಗಿ ಮುಗಿಸಿದ್ದು ಅದೇ ಮೊದಲು.

ಅಧಿಕಾರಿ ನಂಬಲಿಲ್ಲ. ಸರಕಾರಿ ಇಲಿಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ. "ಗುರುತು ಏನು?" ಎಂದರು.

ತಾನು ಊರಿಗೆಲ್ಲ ಕೇಳುತ್ತಿದ್ದ ಪ್ರಶ್ನೆ. ಮುಕ್ಕಾಲು ಬಾಯಿ ತೆರೆದು ತೋರಿಸಿದ. ಪ್ರಯೋಜನವಾಗಲಿಲ್ಲ. ಆ ಹಲ್ಲು ಉದುರಿ ಯಾವ ಕಾಲವಾಯಿತೋ. ಈಗಿದ್ದವು ದಂತವೈದ್ಯರು ಕೊಟ್ಟ, ಸಂದಿಲ್ಲದ ಸಂಭಾವಿತ ಹಲ್ಲುಗಳು. ಅಧಿಕಾರಿ ಆಳುಗಳಿಗೆ ಕೈ ಸನ್ನೆ ಮಾಡಿದರು.

ಆಗ ಅಕ್ಕ ಮುಂದೆ ಬಂದಳು. ಮುಖ್ಯೋಪಾಧ್ಯಾಯಿನಿಯ ಗಾಂಭೀರ್ಯದಿಂದ ರವಿಕೆಯ ತೋಳನ್ನು ಮೇಲೆ ಸರಿಸಿ, ಮೊಣಕೈಯ ಹತ್ತಿರ ತೋರಿಸಿದಳು. ಎರಡು ಸಣ್ಣ ಕಲೆ, ನಡುವೆ ಸಂದು. "ನನಗೂ ಕಚ್ಚಿದ್ದಾನೆ. ಹೋಲಿಸಿ ನೋಡ್ಕೊಳ್ಳಿ." ಅಧಿಕಾರಿ ಇಟ್ಟಿಗೆಯನ್ನು ಕಲೆಯ ಪಕ್ಕ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಒಪ್ಪಿಕೊಳ್ಳಲೇಬೇಕಾಯಿತು. ಟೋಪಿ ತೆಗೆದು ತಲೆ ಕೆರೆದುಕೊಂಡು, ಆಳುಗಳೊಡನೆ ಹೊರಟುಹೋದರು. ಬೀದಿ ಮಂಚದಿಂದ ಕೆಳಗಿಳಿಯಿತು.

ಈಗ ಬೈಗುಳ ಶುರುವಾಗುತ್ತದೆಂದು ಮುಕ್ಕಾಲು ಕಾದ. ಆದರೆ ಮೊದಲು ಮಾತಾಡಿದ್ದು ಅಮ್ಮ.

"ಅವನಿಗೇನೂ ಅನ್ನಬೇಡಿ. ಆ ಇಟ್ಟಿಗೆ ತೆಗೆದವಳು ನಾನು," ಅಂದಳು.

ಅಪ್ಪ ಕಾರ್ಖಾನೆಯಲ್ಲಿ ಬಿದ್ದು ಬೆನ್ನು ಮುರಿದುಕೊಂಡು ಬಹಳ ಕಾಲ ಆಸ್ಪತ್ರೆಯಲ್ಲಿದ್ದದ್ದು ಮುಕ್ಕಾಲುವಿಗೆ ಮಸುಕಾಗಿ ನೆನಪಿತ್ತು. ಆಗ ಮನೆಯಲ್ಲಿ ಏನೂ ಇರಲಿಲ್ಲ, ಬೀದಿಯವರೇ ಸಾಕಿದರು ಅಂದಳು ಅಮ್ಮ. ಟೈಲರಮ್ಮ ಮಕ್ಕಳಿಬ್ಬರಿಗೂ ಶಾಲೆಯ ಬಟ್ಟೆ ಹೊಲಿದುಕೊಟ್ಟರು. ಮೇಷ್ಟ್ರು ಸಂಜೆ ಪಾಠ ಹೇಳಿದರು. ಯಜಮಾನರು ಕೂದಲು ಕತ್ತರಿಸಿ, ತಲೆ ಸವರಿ ಕಳಿಸುತ್ತಿದ್ದರು. ಮಿಕ್ಕವರು ಊಟ ಕೊಟ್ಟರು, ರಾತ್ರಿ ಮಕ್ಕಳನ್ನು ಮಲಗಿಸಿಕೊಂಡರು.

"ಅವರ ಮನೆಗೆ ಬರಿಗೈಲಿ ಹೆಂಗೆ ಹೋಗ್ಲಿ? ಕೊಡೋಕೆ ನಮ್ಮ ಹತ್ರ ಇನ್ನೇನಿತ್ತು? ಒಬ್ಬರ ಬೆಂಚು ಕುಂಟೋದು, ಒಬ್ಬರ ಮಂಚ ಕುಂಟೋದು. ನಿನ್ನ ಪೆಟ್ಟಿಗೇಲಿ ಇಟ್ಟಿಗೆ ಇತ್ತು. ಒಂದೊಂದೇ ತಗೊಂಡು ಹೋದೆ. ಎಲ್ಲರೂ ಇಟ್ಕೊಂಡ್ರು, ಸಣ್ಣದಾಯ್ತು ಅಂತ ಒಬ್ಬರೂ ಅನ್ನಲಿಲ್ಲ." ಮಗನ ಕೈ ಹಿಡಿದುಕೊಂಡು ಅಂದಳು: "ನಿನಗೆ ಆ ಹೆಸರು ಬಂದಿದ್ದು ನನ್ನಿಂದ ಕಣಪ್ಪ. ಹೇಳ್ಬೇಕು ಹೇಳ್ಬೇಕು ಅಂತ ಇಷ್ಟು ವರ್ಷ ಆಯ್ತು."

ಮುಕ್ಕಾಲು ಬೀದಿಯನ್ನು ನೋಡಿದ. ಆ ಬೆಂಚಿನ ಮೇಲೆ ಹಲಗೆ ಹಾಕಿ ತನ್ನನ್ನು ಕೂರಿಸಿದ್ದು ನೆನಪಾಯಿತು. ಆ ಮೆಷಿನ್ನಿನಲ್ಲಿ ಹೊಲಿದ ಚಡ್ಡಿಯ ಜೇಬು ಬೇಕೆಂದೇ ದೊಡ್ಡದಾಗಿರುತ್ತಿತ್ತು. ಆ ಮೇಜಿನ ಮೇಲೆ ಕೂತು ತಪ್ಪು ಮಾಡಿದ ಭಾಗಾಕಾರಗಳಿಗೆ ಲೆಕ್ಕವಿರಲಿಲ್ಲ. ಮೇಷ್ಟ್ರು ಒಮ್ಮೆಯೂ ಹೊಡೆದಿರಲಿಲ್ಲ. ಇವರಿಗೆಲ್ಲ ತನ್ನ ಮೇಲೆ ಯಾಕೋ ಪ್ರೀತಿ ಎಂದುಕೊಂಡೇ ಬೆಳೆದಿದ್ದ. ಜೇಬಿನಿಂದ ಮೂರು ಇಟ್ಟಿಗೆ ತೆಗೆದು, ಯಾರಿಗೆ ಮೊದಲು ಕೈಮುಗಿಯಬೇಕೋ ತಿಳಿಯದೆ, ಬೀದಿಗೆಲ್ಲ ಸೇರಿಸಿ ಕೈಮುಗಿದ.

"ಅದೆಲ್ಲ ಆಮೇಲೆ. ಮೊದಲು ಗೋಪುರ ಮುಗಿಸಯ್ಯಾ," ಅಂದರು ಮೇಷ್ಟ್ರು.

ಗೋಪುರವನ್ನು ಹೆಂಡತಿ ಎರಡು ಕೈಯಲ್ಲಿ ಹಿಡಿದು ಹೊರಗೆ ತಂದಳು. ಬೀದಿಯ ನಡುವೆ, ಮೇಜಿನ ಮೇಲೆ ಕೆಲಸ ಶುರುವಾಯಿತು. ಎಲ್ಲರೂ ಸಲಹೆ ಕೊಟ್ಟರು. ಒಂದೊಂದು ಇಟ್ಟಿಗೆ ಕಟಕ್ ಎಂದಾಗಲೂ ಅದು ಯಾರ ಮಂಚದ್ದು, ಯಾರ ಬೀರುವಿನದು ಎಂದು ವಾರಸುದಾರರು ಕೂಗಿ ಹೇಳುತ್ತಿದ್ದರು. ಗೋಪುರ ಹಳೆಯ ಮಟ್ಟ ದಾಟಿತು. ಎಂದೂ ನೋಡದ ಎತ್ತರಕ್ಕೆ ಏರಿತು. ನೆತ್ತಿಗೆ ಬಂದಾಗ ಮಾತ್ರ ಒಂದು ಇಟ್ಟಿಗೆಯ ಜಾಗ ಬರಿದಾಗಿತ್ತು. ಗಡಿಯಾರ ಇರಲಿಲ್ಲ.

ಮುಕ್ಕಾಲು ಅಕ್ಕನ ಕಡೆ ನೋಡದೆ ನಿಂತ. ಅಕ್ಕ ಕೈಚೀಲ ತೆರೆದಳು. ಕರವಸ್ತ್ರದಲ್ಲಿ ಸುತ್ತಿದ್ದ ಬಿಳಿ ಇಟ್ಟಿಗೆಯೊಂದನ್ನು ಹೊರತೆಗೆದಳು. ಅದರ ಮೇಲೆ ಸಣ್ಣ ಗಡಿಯಾರ, ಅಂಚಿನಲ್ಲಿ ಹಲ್ಲಿನ ಗುರುತು.

"ನಾನು ಹೊಸ ಸಂಸಾರ ಹೂಡಿದಾಗ ಒಲೆ ಇಡೋ ಮೇಜು ಕುಂಟ್ತಿತ್ತು. ಅಮ್ಮ ನನ್ನ ಬಟ್ಟೆ ಪೆಟ್ಟಿಗೆ ಒಳಗೆ ಇದನ್ನ ಹಾಕಿ ಕಳಿಸಿದ್ಲು," ಅಂದಳು. "ಗಡಿಯಾರ ಸಮೇತ ಮುಗಿದಿದೆ ಅಂತ ನೀನು ಅಂದಾಗ ನನ್ನ ಮೇಜು ನೆಟ್ಟಗೇ ನಿಂತಿತ್ತಲ್ಲೋ. ಅದಕ್ಕೇ ನೋಡೋಣ ಅಂತ ಬಂದೆ."

"ಮತ್ತೆ ಇದನ್ನ ಯಾಕೆ ತಂದೆ?"

"ಪೂರ್ತಿ ಆಗ್ಲಿ ಅಂತ," ಅಂದಳು ಅಕ್ಕ. ಅವಳ ದನಿಯಲ್ಲಿ ಬೆತ್ತ ಇರಲಿಲ್ಲ.

ಗಡಿಯಾರ ಕಟಕ್ ಎಂದಿತು. ಬೀದಿ ಚಪ್ಪಾಳೆ ತಟ್ಟಿತು. ಅಮ್ಮ ಮುಚ್ಚಳದ ಚಿತ್ರವನ್ನೂ ಗೋಪುರವನ್ನೂ ಎರಡೆರಡು ಸಲ ನೋಡಿ, ಹಾಗೇ ಇದೆ ಅಂದಳು. ಮುಕ್ಕಾಲು ತನ್ನ ಜೀವನದಲ್ಲಿ ಮುಗಿಸಿದ ಏಕೈಕ ಕೆಲಸದ ಮುಂದೆ ಕೈಕಟ್ಟಿ ನಿಂತು, ಅಕ್ಕ ತೆಗೆದ ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡ.

ಸಂಜೆ ಎಲ್ಲರೂ ಸಾಮಾನು ಒಳಗೆ ಸಾಗಿಸಿದರು. ಬೀದಿ ಪೂರ್ತಿ ಗಡಗಡ ಸದ್ದು. ಬೀರುಗಳ ಬಾಗಿಲು ತಾವಾಗಿ ತೆರೆದುಕೊಂಡವು, ಮಂಚಗಳು ಕುಂಟಿದವು, ಮೆಷಿನ್ನು ಮತ್ತೆ ಬಾಗಿಲ ಕಡೆಗೆ ನಡೆಯಿತು. ಆದರೂ ಇಟ್ಟಿಗೆ ವಾಪಸು ಕೊಡು ಎಂದು ಒಬ್ಬರೂ ಬಂದು ಕೇಳಲಿಲ್ಲ. ಮುಕ್ಕಾಲು ಹಾಲ್‌ನಲ್ಲಿ ಗೋಪುರದ ಮುಂದೆ ಕೂತು ಆ ಸದ್ದು ಕೇಳಿದ. ಆಮೇಲೆ ಎದ್ದು ನೆತ್ತಿಯಿಂದ ಬಿಚ್ಚತೊಡಗಿದ. ಮೊದಲು ಗಡಿಯಾರ ತೆಗೆದು ಅಕ್ಕನ ಕೈಚೀಲದಲ್ಲಿ ಹಾಕಿದ. ಬೀದಿಯಿಂದ ಬಂದ ಇಟ್ಟಿಗೆಗಳನ್ನು ತಟ್ಟೆಯಲ್ಲಿ ತುಂಬಿಕೊಂಡು ಮನೆಮನೆಗೆ ಹೊರಟ. ಅವತ್ತು ಮಾತ್ರ ಯಾರನ್ನೂ ಗುರುತು ಕೇಳಲಿಲ್ಲ. ಬಗ್ಗಿ ಬಗ್ಗಿ ಒಂದೊಂದನ್ನೂ ತಾನೇ ಇಟ್ಟುಬಂದ. ಟೈಲರಮ್ಮನ ಮೆಷಿನ್ನು ನಿಂತಲ್ಲೇ ನಿಂತಿತು. ಮರುದಿನ ಬಟ್ಟೆಗಳು ಶಾಲೆ ಸೇರಿದವು.

ಗೋಪುರ ಈಗಲೂ ಅವನ ಹಾಲ್‌ನಲ್ಲಿದೆ, ಕ್ಯಾಲೆಂಡರಿನ ಕೆಳಗೆ. ಮೊನ್ನೆ ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಪರಿಚಯ ಮಾಡಿಕೊಳ್ಳಲು ಬಂದಿದ್ದರು. ಇದೇನು ಸಾರ್, ಮುಕ್ಕಾಲಿಗೇ ನಿಂತಿದೆ ಎಂದು ಕೇಳಿದರು.

"ಇಲ್ಲ, ಪೂರ್ತಿ ಇದೆ," ಅಂದ ಮುಕ್ಕಾಲು. "ಮಿಕ್ಕಿದ್ದು ಬೀದೀಲಿದೆ."

ಅವರಿಗೆ ಏನೂ ಅರ್ಥವಾಗಲಿಲ್ಲ. ಮಾತಿಗೆ ಮಾತು ಬಂದು, ಸಾಮಾನು ಸಾಗಿಸುವಾಗ ತಮ್ಮ ಊಟದ ಮೇಜಿನ ಕಾಲು ಸವೆದು ಕುಂಟುತ್ತಿದೆ ಎಂದರು. ಮುಕ್ಕಾಲು ಕಿಟಕಿಯ ಹತ್ತಿರ ಕೂತಿದ್ದ ಅಮ್ಮನ ಕಡೆ ನೋಡಿದ. ಅಮ್ಮ ಬಟಾಣಿಯಿಂದ ತಲೆ ಎತ್ತದೆ ನಕ್ಕಳು. ಅವನು ಎದ್ದು ಹೋಗಿ ಗೋಪುರದ ಮೇಲಿನಿಂದ ಇನ್ನೊಂದು ಇಟ್ಟಿಗೆ ಬಿಚ್ಚಿ ತಂದು ಅವರ ಕೈಯಲ್ಲಿಟ್ಟ.

ಅವರು ಅದನ್ನು ತಿರುಗಿಸಿ ನೋಡಿ, ಅಂಚು ಮುಟ್ಟಿ, ಈ ಬೀದಿಯಲ್ಲಿ ಇಲಿ ಕಾಟ ಇದೆಯಾ ಎಂದು ಅಳುಕುತ್ತ ಕೇಳಿದರು.

"ಒಂದೇ ಒಂದಿದೆ," ಅಂದ ಮುಕ್ಕಾಲು. "ಬೀದಿಯವರೇ ಸಾಕಿದ್ದು."